ಜೆ ಅಕ್ಷರ, ಲಾಟೀನಿನ ಗಾಜು

ಹಳೆಯ ಲೂಟ್ ಪುಸ್ತಕಗಳಲ್ಲಿ ಜೆ ಎಂಬ ಅಕ್ಷರ ಇರುವುದಿಲ್ಲ. ಸಣ್ಣ ಸಂಗತಿ. ಇದನ್ನು ಹಿಡಿದುಕೊಂಡು ಒಂದೇ ವರ್ಷದಲ್ಲಿ ನಾನು ಎರಡು ಹಾಡುಗಳನ್ನು ಕೆಡಿಸಿದೆ. ಒಂದು ಮೆಲ್ಬರ್ನಿನ ಒಬ್ಬ ಮುದುಕರದು, ಇನ್ನೊಂದು ನನ್ನ ಅಮ್ಮನದು. ಮೊದಲನೆಯದಕ್ಕೆ ನನಗೆ ಪದವಿ ಸಿಗುತ್ತದೆ. ಎರಡನೆಯದನ್ನು ಅಮ್ಮ ಮತ್ತೆ ಪೂರ್ತಿ ಹಾಡುತ್ತಾಳೋ ಇಲ್ಲವೋ, ಗೊತ್ತಿಲ್ಲ.

ಲೂಟ್ ಎಂದರೆ ಹಲಸಿನಕಾಯಿಯನ್ನು ಉದ್ದಕ್ಕೆ ಸೀಳಿ ಅದಕ್ಕೊಂದು ಕತ್ತು ಅಂಟಿಸಿದಂತಿರುವ ತಂತಿವಾದ್ಯ. ಯುರೋಪಿನಲ್ಲಿ ನಾಲ್ಕೈದು ನೂರು ವರ್ಷಗಳ ಹಿಂದೆ ಮೆರೆಯಿತು, ಆಮೇಲೆ ಸದ್ದಿಲ್ಲದೆ ಸತ್ತಿತು. ಫ್ರಾನ್ಸ್, ಇಂಗ್ಲೆಂಡಿನವರು ಅದರ ಸಂಗೀತವನ್ನು ಆರು ಗೆರೆಗಳ ಮೇಲೆ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಒಂದೊಂದು ಗೆರೆ ಒಂದೊಂದು ತಂತಿಗೆ. ಎ ಎಂದರೆ ಬೆರಳಿಡದೆ ಮೀಟು. ಬಿ ಎಂದರೆ ಕತ್ತಿನ ಮೇಲಿನ ಮೊದಲನೆಯ ಮೆಟ್ಟಿಲಲ್ಲಿ ಬೆರಳಿಡು. ಹೀಗೆ ಹೋಗಿ ಎಂಟನೆಯದಕ್ಕೆ ಐ. ಒಂಬತ್ತನೆಯದಕ್ಕೆ ಜೆ ಬರಬೇಕು, ಬರುವುದಿಲ್ಲ, ನೇರವಾಗಿ ಕೆ. ಆ ಕಾಲದಲ್ಲಿ ಐ ಮತ್ತು ಜೆ ಎರಡೂ ಒಂದೇ ಅಕ್ಷರವಾಗಿದ್ದವು. ನಡುವೆ ಜೆ ಕಂಡರೆ ಬರೆದವನು ಆ ಕಾಲದವನಲ್ಲ, ನಮ್ಮ ಹಾಗೆ ಎಬಿಸಿಡಿ ಬಾಯಿಪಾಠ ಮಾಡಿದವನು ಎಂದರ್ಥ.

ಇಂಥ ಸಡಿಲ ಇಟ್ಟಿಗೆ ಹುಡುಕುವುದನ್ನು ನಾನು ಕಲಿತದ್ದು ಸಿಡ್ನಿಯ ಶಾಲೆಯ ಚರ್ಚಾ ತಂಡದಲ್ಲಿ. ಉಡುಪಿಯಲ್ಲಿ ಆರನೇ ಕ್ಲಾಸು ಮುಗಿಸಿ ಇಲ್ಲಿಗೆ ಬಂದ ನನಗೆ ಇಂಗ್ಲಿಷ್ ಮಾತಿನಲ್ಲಿ ಮರ್ಯಾದೆ ಸಿಕ್ಕಿದ್ದು ಅಲ್ಲೊಂದೇ ಕಡೆ. ನಾಣ್ಯ ಚಿಮ್ಮಿ ಪಕ್ಷ ಕೊಡುತ್ತಿದ್ದರು. ನಂಬಿಕೆ ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಎದುರಿನವರ ಗೋಡೆಯಲ್ಲಿ ಒಂದು ಇಟ್ಟಿಗೆ ಅಲುಗಾಡಿದರೆ ಸಾಕು, ಉಳಿದದ್ದನ್ನು ಮಾತೇ ಕೆಡವುತ್ತಿತ್ತು. ಇದು ಮನೆಯಲ್ಲಿ ಬಳಸುವ ವಿದ್ಯೆಯಲ್ಲ ಎಂದು ಯಾರೂ ಹೇಳಿಕೊಡಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ವಾದ ಹೂಡುತ್ತಿದ್ದೆ.

ಮೆಲ್ಬರ್ನಿಗೆ ಬಂದದ್ದು ಸಂಶೋಧನೆಗೆ. ನನಗೆ ಲೂಟ್ ಕಲಿಸಿದವರು ಗ್ಲೆನ್ ವೇವರ್ಲಿಯಲ್ಲಿದ್ದ ನಿವೃತ್ತ ವಿಜ್ಞಾನದ ಮೇಷ್ಟ್ರು. ರೈಲು ಕೊನೆಯ ನಿಲ್ದಾಣದಲ್ಲಿ ನಿಂತ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಅವರ ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಮರದ ಪುಡಿ, ಅಂಟಿನ ಡಬ್ಬಿ, ಅರ್ಧ ಮುಗಿದ ಎರಡು ಲೂಟ್, ಒಂದು ಹೀಟರ್ ಇದ್ದವು. ಈ ದೇಶದಲ್ಲಿ ಗುರುವನ್ನೂ ಹೆಸರು ಹಿಡಿದು ಕರೆಯಬೇಕು. ನನಗೆ ಬಾಯಿ ಬರುತ್ತಿರಲಿಲ್ಲ. ಆದ್ದರಿಂದ ಮೂರು ವರ್ಷ ಅವರನ್ನು ಏನೂ ಕರೆಯದೆ, ಗಂಟಲು ಸರಿಮಾಡಿಕೊಂಡೇ ಕಾಲ ಹಾಕಿದೆ.

ಅವರ ಬಳಿ ಒಂದು ಕೈಬರಹದ ಪುಸ್ತಕವಿತ್ತು. ಅವರ ಗುರು ಯುರೋಪಿನಿಂದ ಹಡಗಿನಲ್ಲಿ ತಂದದ್ದು. ಹಳೆಯ ಕಾಗದ, ಕಂದು ಶಾಯಿ, ನಲವತ್ತು ಚಿಲ್ಲರೆ ರಚನೆಗಳು. ಕೊನೆಯ ಕಡೆಯಲ್ಲಿ ಒಂದು ನಿಧಾನ ಗತಿಯ ನೃತ್ಯವಿತ್ತು. ಹೆಂಡತಿಯ ಅಂತ್ಯಕ್ರಿಯೆಯಲ್ಲಿ ಅವರು ಅದನ್ನೇ ನುಡಿಸಿದ್ದರಂತೆ. ನನಗೆ ಮೊದಲ ವರ್ಷವೇ ಅದನ್ನು ಕಲಿಸಿದರು, ತಾವೇ ಬರೆದುಕೊಟ್ಟ ಹಾಳೆಯಿಂದ. ಊರಿನ ಒಂದು ವಾದ್ಯವೃಂದ ಪ್ರತಿ ಚಳಿಗಾಲ ಅದನ್ನು ನುಡಿಸುತ್ತಿತ್ತು. ಕಾರ್ಯಕ್ರಮದ ಹಾಳೆಯಲ್ಲಿ 'ಕರ್ತೃ ಅಜ್ಞಾತ, ಹದಿನಾರನೆಯ ಶತಮಾನ' ಎಂದಿರುತ್ತಿತ್ತು. ಕುರಿಯ ಕರುಳಿನ ತಂತಿಯೇ ಬೇಕು, ಶ್ರುತಿ ಅಂದಿನದೇ ಇರಬೇಕು ಎಂದು ಮೇಷ್ಟ್ರು ಹಟ ಮಾಡುತ್ತಿದ್ದರು. ಕೇಳುವವರು ಮಾತ್ರ ಟ್ರಾಮಿನಲ್ಲಿ ಬಂದು, ಫೋನು ಸೈಲೆಂಟ್ ಮಾಡಿ, ಜಾಕೆಟ್ ಬಿಚ್ಚಿ ಕೂರುತ್ತಿದ್ದರು. ಇದರಲ್ಲಿ ಅಸಲಿ ಯಾವುದು ಎಂದು ನಾನು ಕೇಳುತ್ತಿದ್ದೆ. "ಕರುಳು" ಎನ್ನುತ್ತಿದ್ದರು ಅವರು, ನಗದೆ.

ಮೂರನೆಯ ವರ್ಷ, ಪ್ರಬಂಧಕ್ಕೆಂದು, ಮೂಲ ಪುಸ್ತಕವನ್ನೇ ಕೇಳಿದೆ. ಅವರು ಕೈಯ ಮರದ ಪುಡಿ ಒರೆಸಿಕೊಂಡು ಕಪಾಟಿನಿಂದ ತೆಗೆದುಕೊಟ್ಟರು. ನಾನು ಬಾಯಿಪಾಠ ಮಾಡಿದ್ದ ಆ ನೃತ್ಯದ ನಡುವೆ, ಎತ್ತರದ ಸ್ವರಕ್ಕೆ ಕೈ ಜಾರಿಹೋಗುವ ಜಾಗದಲ್ಲಿ, ಒಂದು ಜೆ ಇತ್ತು. ಒಂದೇ ಒಂದು. ನನ್ನ ಹಾಳೆಯಲ್ಲಿ ಅಲ್ಲಿ ಕೆ ಇತ್ತು.

"ನೀವು ತಿದ್ದಿದ್ದೀರಿ," ಎಂದೆ.

"ಎಲ್ಲರ ಹಾಳೆಯಲ್ಲೂ ತಿದ್ದಿದ್ದೇನೆ," ಎಂದರು. "ಇಷ್ಟು ವರ್ಷ ಯಾರೂ ಮೂಲ ಕೇಳಲಿಲ್ಲ. ನೀನು ಕೇಳುತ್ತೀ ಎಂದು ಮೊದಲ ವರ್ಷವೇ ಅಂದುಕೊಂಡಿದ್ದೆ. ತುಂಬ ವಾದ ಮಾಡುವ ಹುಡುಗಿ."

ಆ ನೃತ್ಯ ಅವರ ಗುರುವಿನದೇ. ಹಳೆಯ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಹಾಳೆಗಳಲ್ಲಿ ಆತ ತನ್ನದೊಂದನ್ನು ಬರೆದು ಸೇರಿಸಿದ್ದ. ವಲಸೆ ಬಂದವನು, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಅವನ ಹೆಸರು ಹಾಕಿದ್ದರೆ ಇಲ್ಲಿ ಯಾರು ಕೇಳುತ್ತಿದ್ದರು ಎಂದು ನನ್ನನ್ನೇ ಕೇಳಿದರು. ಅದು ನನ್ನ ಪ್ರಶ್ನೆಯಾಗಿರಲಿಲ್ಲ.

"ಬರೆ," ಎಂದರು. "ಸುಳ್ಳು ಬರೆ ಎಂದು ನಾನು ಹೇಳಲಾರೆ. ಆದರೆ ಬರೆದ ಮೇಲೆ ಅದನ್ನು ಯಾರೂ ನುಡಿಸುವುದಿಲ್ಲ. ಅದೂ ನಿಜವೇ. ಅದನ್ನೂ ಬರೆ."

ಮೊದಲನೆಯದನ್ನು ಬರೆದೆ. ಎರಡನೆಯದಕ್ಕೆ ಆಧಾರ ಇರಲಿಲ್ಲ, ಆಗ. ಮುಂದಿನ ಚಳಿಗಾಲ ವಾದ್ಯವೃಂದ ಆ ನೃತ್ಯವನ್ನು ಕಾರ್ಯಕ್ರಮದಿಂದ ಬಿಟ್ಟಿತು. ಬರೆದವನ ಹೆಸರು ಹಾಕಿ ನುಡಿಸಬಹುದಲ್ಲ ಎಂದು ಕೇಳಿದ್ದಕ್ಕೆ, ನಮ್ಮದು ಹಳೆಯ ಸಂಗೀತದ ತಂಡ ಎಂದು ವಿನಯದಿಂದ ಉತ್ತರ ಬಂತು.

ಪ್ರಬಂಧದ ಆ ಅಧ್ಯಾಯ ಒಪ್ಪಿಗೆಯಾದ ವಾರವೇ ರಜೆಗೆ ಸಿಡ್ನಿಗೆ ಹೋದೆ. ಅಪ್ಪ ಅಮ್ಮ ಇರುವುದು ಕ್ವೇಕರ್ಸ್ ಹಿಲ್‌ನಲ್ಲಿ. ಅಪ್ಪ ಮೈಸೂರಿನವರಾದ್ದರಿಂದ ಮನೆಯಲ್ಲಿ ಕನ್ನಡ. ಅಮ್ಮನ ತುಳು ಫೋನಿಗೆ ಮೀಸಲು, ಅವಳ ಕನ್ನಡಕ್ಕೆ ಉಡುಪಿಯ ವಾಸನೆ ಇನ್ನೂ ಹೋಗಿಲ್ಲ. ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಅವಳಿಗೆ ಕೆಲಸ. ಮಾತ್ರೆ ತಯಾರಾದ ಪ್ರತಿ ಹಂತದ ಕಾಗದ ಓದಿ, ಮಾಡಿದವರೇ ಸಹಿ ಹಾಕಿದ್ದಾರೆಯೇ ಎಂದು ನೋಡುವುದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸಹಿ ಹಾಕಿದ್ದು ಕಂಡರೆ ಅವಳು ಇಡೀ ಕಟ್ಟನ್ನು ತಡೆಹಿಡಿಯುತ್ತಾಳೆ. ಅವಳ ಇನ್ನೊಂದು ಕೆಲಸ, ಶನಿವಾರ ಮಧ್ಯಾಹ್ನ ನಾಲ್ಕು ಮನೆಯವರು ಸೇರುವ ಭಜನೆಯಲ್ಲಿ ಅಜ್ಜಿಯ ಹಾಡು ಹೇಳುವುದು. ಕಾರ್ಕಳದ ಅಜ್ಜಿ ಹೇಳುತ್ತಿದ್ದ ದಾಸರ ಪದ. ಅಜ್ಜಿಯಿಂದ ಅಮ್ಮನಿಗೆ ಬಂದದ್ದು ಅದೊಂದೇ. ಒಡವೆ ಎಲ್ಲ ದೊಡ್ಡಮ್ಮನಿಗೆ ಹೋಯಿತು.

ಊಟಕ್ಕೆ ಕೂತಾಗ ಜೆ ಅಕ್ಷರದ ಕಥೆಯನ್ನು ಸಾರು ಆರುವಷ್ಟು ಹೊತ್ತು ಹೇಳಿದೆ. ಅಪ್ಪ ತಲೆಯಾಡಿಸುತ್ತ ಹಪ್ಪಳ ಮುರಿದರು. ಅಮ್ಮ ಕೇಳಿದ್ದು ಒಂದೇ.

"ಹಾಡು ಚಂದ ಇತ್ತಾ?"

"ಅದು ಪಾಯಿಂಟೇ ಅಲ್ಲಮ್ಮ."

"ಮತ್ತೆ ಎಂತ ಪಾಯಿಂಟು? ಪಾಪ, ಆ ಮುದುಕರು ಹೆಂಡತಿ ಸತ್ತಾಗ ಬಾರಿಸಿದ್ದಲ್ವಾ. ನಿಂಗೆ ಒಂದು ಅಕ್ಷರ ಕಾಣದ ಹಾಗೆ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ?"

ಅಷ್ಟೇ. ನನ್ನೊಳಗೆ ಯಾರೋ ಗಂಟೆ ಬಾರಿಸಿ, ಪ್ರತಿಪಕ್ಷಕ್ಕೆ ಮೂರು ನಿಮಿಷ ಎಂದಂತಾಯಿತು.

"ನಿನ್ನ ಹಾಡೂ ಹಾಗೇನೇ," ಎಂದೆ. "ದಾಸರದು ಅಂತೀಯಲ್ಲ, ಅದ್ರಲ್ಲಿ ಲಾಟೀನು ಎಲ್ಲಿಂದ ಬಂತು?"

ಹಾಡಿನ ಎರಡನೆಯ ನುಡಿ ಹೀಗಿದೆ: 'ಲಾಟೀನಿನ ಗಾಜೊರೆಸಿ ಬಾಗಿಲಲಿಟ್ಟೆ, ಕತ್ತಲಾಯಿತು ಬಾರೊ ರಂಗ.' ಲಾಟೀನು ಇಂಗ್ಲಿಷಿನವರ ಪದ, ಗಾಜಿನ ಬುರುಡೆಯ ಸೀಮೆಎಣ್ಣೆ ದೀಪ ನಿನ್ನೆ ಮೊನ್ನೆಯದು, ದಾಸರ ಕಾಲ ಯಾವುದು, ಲಾಟೀನಿನ ಕಾಲ ಯಾವುದು ಎಂದು ಒಂದರ ಮೇಲೊಂದು ಇಟ್ಟೆ. ನನ್ನ ದನಿ ಹಿತವಾಗಿ ಏರುತ್ತಿತ್ತು. ಅಪ್ಪ, "ಸಾಕು ಬಿಡೇ, ಊಟ ಮಾಡು" ಎಂದರು. ನಾನು ಮುಗಿಸಿಯೇ ಬಿಟ್ಟೆ. ಕೊನೆಯ ಸಾಲಿನಲ್ಲಿ ದಾಸರ ಅಂಕಿತ ಇದೆ, ಹೌದು. ಆದರೆ ಅಂಕಿತ ಯಾರು ಬೇಕಾದರೂ ಹಾಕಬಹುದು, ಅದು ಫೋರ್ಜರಿ.

ಅಮ್ಮ ಚಮಚವನ್ನು ಸಾರಿನ ಪಾತ್ರೆಯಲ್ಲಿ ನೆಟ್ಟಗೆ ಬಿಟ್ಟಳು. "ಲಾಟೀನು ಒರೆಸುವ ಕೆಲಸ ಮನೇಲಿ ಅಮ್ಮಂದೇ," ಎಂದಳು. ಅವಳ ಅಮ್ಮನದು, ಎಂದರೆ ಅಜ್ಜಿಯದು. "ಬೂದಿ ಹಾಕಿ ಒರೆಸ್ತಿದ್ರು. ನಮ್ಮ ಕೈಗೆ ಕೊಡ್ತಿರ್ಲಿಲ್ಲ, ಒಡೀತೀರಿ ಅಂತ." ಆಮೇಲೆ, "ಆ ಹಾಡು ಬೇರೆ ಯಾರೂ ಹೇಳಿದ್ದು ನಾನು ಕೇಳ್ಲಿಲ್ಲ, ಗೊತ್ತುಂಟಾ. ಉಡುಪಿಯಲ್ಲಿ ಅಷ್ಟು ಭಜನೆ ಕೇಳಿದ್ದೇನೆ. ಒಂದು ಕಡೆಯೂ ಇಲ್ಲ," ಎಂದಳು.

ಅವಳಿಗೆ ತಿಳಿದದ್ದು ಆಗ. ನನಗೂ ಆಗಲೇ. ಗಂಡಸು ಯಾರೂ ಆ ಸಾಲು ಬರೆಯುತ್ತಿರಲಿಲ್ಲ, ಗಾಜೊರೆಸಿದವಳೇ ಬರೆದದ್ದು. ತನ್ನ ಹೆಸರಿಗೆ ಯಾರೂ ಕೈಮುಗಿಯುವುದಿಲ್ಲ ಎಂದು ಗೊತ್ತಿದ್ದ ಅಜ್ಜಿ, ದಾಸರ ಅಂಕಿತ ಹಾಕಿ ಅದನ್ನು ನಡೆಯಲು ಬಿಟ್ಟಿದ್ದಳು. ಗ್ಲೆನ್ ವೇವರ್ಲಿಯ ಮೇಷ್ಟ್ರ ಗುರುವಿನ ಹಾಗೆ.

ಆ ಶನಿವಾರ ಭಜನೆಯಲ್ಲಿ ಅಮ್ಮ ಬೇರೆ ಏನನ್ನೋ ಹೇಳಿದಳು. ಮುಂದಿನ ಶನಿವಾರವೂ. ಮೆಲ್ಬರ್ನಿಗೆ ಮರಳಿದ ಮೇಲೆ ಫೋನಿನಲ್ಲಿ ನಾನು ಪಕ್ಷ ಬದಲಿಸಿದೆ.

"ಅಜ್ಜಿದೇ ಅಂದ್ರೆ ಇನ್ನೂ ಒಳ್ಳೇದಲ್ವಾಮ್ಮ? ದಾಸರ ಪದ ಸಾವಿರ ಇವೆ. ಇದು ಒಂದೇ."

"ಹೌದು ಮಾರಾಯ್ತಿ."

"ಮತ್ತೆ ಹಾಡು."

"ಅವ್ರು ಇನ್ನೊಬ್ರ ಸಹಿ ಹಾಕಿದ್ದಾರೆ. ನಮ್ಮಲ್ಲಿ ಅದಕ್ಕೆ ಕೆಲಸದಿಂದ ತೆಗೀತಾರೆ," ಎಂದಳು. ತಮಾಷೆಯೋ ಎಂದು ಕಾದೆ. ಅಲ್ಲ. "ಇಷ್ಟು ವರ್ಷ ಕಣ್ಣು ಮುಚ್ಚಿ ಹೇಳ್ತಿದ್ದೆ. ಈಗ ಅಂಕಿತದ ಸಾಲು ಬರುವಾಗ ಕಣ್ಣು ತನ್ನಷ್ಟಕ್ಕೆ ತೆರೀತದೆ. ನೀನು ಹೇಳಿದ್ದು ಸರಿಯೇ ಅಲ್ವಾ? ಸರಿ ಅಂದ್ಮೇಲೆ ಎಂತ ಮಾಡೋದು?"

ಅಂಕಿತ ಸಹಿಯಲ್ಲ, ಕಾಣಿಕೆ, ಬರೆದವರು ತಮ್ಮದನ್ನು ದೊಡ್ಡವರ ಪಾದದಲ್ಲಿಟ್ಟಂತೆ ಎಂದೆ. ಹೇಳುವಾಗಲೇ ಅದು ನಾಣ್ಯ ಚಿಮ್ಮಿ ಸಿಕ್ಕಿದ ಪಕ್ಷದಂತೆ ಕೇಳಿಸಿತು. ನನಗೆ ಅದರಲ್ಲಿ ನಂಬಿಕೆ ಇತ್ತು, ಬಹುಶಃ ಜೀವನದಲ್ಲಿ ಮೊದಲ ಸಲ, ಆದರೆ ದನಿ ಮಾತ್ರ ಅದೇ ಹಳೆಯ ದನಿ. ಅಮ್ಮ, "ಊಟ ಆಯ್ತಾ?" ಎಂದು ಕೇಳಿದಳು.

ಗ್ಯಾರೇಜಿನ ಮುದುಕರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿ, ಲೂಟ್ ಎತ್ತಿಕೊಂಡು, ಶ್ರುತಿ ಮಾಡಿ, ಏನೂ ನುಡಿಸದೆ ಕೆಳಗಿಟ್ಟರು. ಚಳಿಗೆ ಕರುಳಿನ ತಂತಿಯಲ್ಲಿ ಶ್ರುತಿ ನಿಲ್ಲುವುದಿಲ್ಲ ಎಂದರು. ಹೀಟರ್ ಉರಿಯುತ್ತಿತ್ತು.

ಕಳೆದ ತಿಂಗಳು ಮತ್ತೆ ಸಿಡ್ನಿಗೆ ಹೋಗಿದ್ದೆ. ಶನಿವಾರದ ಭಜನೆ ಎದುರು ಬೀದಿಯ ಆಂಟಿಯ ಮನೆಯಲ್ಲಿ. ನಾನು ಬಂದಿದ್ದೇನೆಂದೋ ಏನೋ, ಆಂಟಿ ಬಿಡಲಿಲ್ಲ.

"ನಿಮ್ಮ ಲಾಟೀನು ಹಾಡು ಕೇಳಿ ಎಷ್ಟು ದಿನ ಆಯ್ತು ರೀ. ಮಗಳೂ ಬಂದಿದ್ದಾಳೆ, ಹೇಳಿ."

ಅಮ್ಮ ನನ್ನ ಕಡೆ ನೋಡಲಿಲ್ಲ. ಹೇಳಿದಳು. ಮೊದಲನೆಯ ನುಡಿ, ಲಾಟೀನು, ಆಮೇಲೆ ಬೆಣ್ಣೆಯ ನುಡಿ. ದನಿ ಚೆನ್ನಾಗಿಯೇ ಇತ್ತು. ಎಲ್ಲರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕೊನೆಯ ನುಡಿಯ ಮೂರು ಸಾಲು ಮುಗಿಯಿತು. ಅಂಕಿತದ ಸಾಲು ಬರಬೇಕು. ಅಮ್ಮ ನಿಲ್ಲಿಸಿ, ಸೆರಗು ಸರಿಮಾಡಿಕೊಂಡಳು.

ಯಾರಿಗೂ ಹಾಡು ಮುಗಿಯಿತೆಂದು ಗೊತ್ತಾಗಲಿಲ್ಲ. ತಾಳ ನಡೆಯುತ್ತಲೇ ಇತ್ತು. ಆ ಸಾಲು ನನಗೆ ಬಾಯಿಗೆ ಬರುತ್ತದೆ, ಮೂರು ವರ್ಷದವಳಿದ್ದಾಗಿನಿಂದ. ಉಸಿರು ಎಳೆದುಕೊಂಡೆ. ಅಮ್ಮ ಆಗ ನನ್ನನ್ನು ನೋಡಿದಳು, ಬೇಡ ಎಂದೂ ಅಲ್ಲ, ಹೇಳು ಎಂದೂ ಅಲ್ಲ. ತಪ್ಪು ಸಹಿಯ ಕಾಗದವನ್ನು ಪಕ್ಕಕ್ಕಿಡುವಾಗ ಅವಳ ಮುಖ ಹೀಗೇ ಇರಬೇಕು. ಉಸಿರು ಬಿಟ್ಟೆ.

"ಕೊನೇ ಸಾಲು?" ಎಂದರು ಆಂಟಿ.

"ಮರೆತುಹೋಯ್ತು," ಎಂದಳು ಅಮ್ಮ.

ಕೈಗಳು ಖಾಲಿ ಸಾಲಿಗೆ ಇನ್ನೊಂದು ಸುತ್ತು ತಾಳ ಹಾಕಿ, ಒಂದೊಂದಾಗಿ ನಿಂತವು.