ನೀರು ಚಿಮುಕಿಸದ ಅಂಗಳ

ಪೂರ್ವ ಇನ್ನೂ ಕೆಂಪಾಗಿಲ್ಲ. ನಿನ್ನೆ ರಾತ್ರಿ ಚಳಿಗಾಲವನ್ನು ಕಳಿಸಿಕೊಡಲು ಊರವರು ಹಚ್ಚಿದ ಬೆಂಕಿಯ ಹೊಗೆವಾಸನೆ ಗಾಳಿಯಲ್ಲಿದೆ. ಸ್ವೀಡನ್ನಿನ ಯೋನ್‌ಶೋಪಿಂಗ್‌ನ ಒಂದು ವಸತಿ ಸಮುಚ್ಚಯದ ಚೌಕದಲ್ಲಿ ಪೊರಕೆಯ ಸದ್ದು ಮಾತ್ರ. ವಸಂತಿ ಗುಡಿಸುತ್ತಾರೆ, ನಾಲ್ಕು ಹೆಜ್ಜೆ ಹಿಂದೆ ಬಂದು ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಾರೆ. ಬೂಟಿನ ತುದಿಯಿಂದ ಕಲ್ಲುಹಾಸನ್ನು ಉಜ್ಜಿ ನೋಡುತ್ತಾರೆ. ಕರ್ ಅಂದರೆ ಮತ್ತೆ ಪೊರಕೆ. ಅಜ್ಜಿಕಥೆಯಲ್ಲಿ ಮರಳಿನಿಂದ ಸಾಸಿವೆ ಆರಿಸುವ ಸೊಸೆಗೂ ಇಷ್ಟು ಅವಸರ ಇದ್ದಿರಲಾರದು.

ಹಿಮದ ಮೇಲೆ ಜನ ಜಾರದಿರಲೆಂದು ಚಳಿಗಾಲವಿಡೀ ಎರಚಿದ ಸಣ್ಣ ಜಲ್ಲಿ, ಹಿಮ ಕರಗಿದ ಮೇಲೆ ತಾನೇ ಜಾರಿಸಲು ನಿಲ್ಲುತ್ತದೆ. ಅದನ್ನು ಎತ್ತುವ ಯಂತ್ರವೇನೋ ಇದೆ. ಆದರೆ ಮಲಗಿದವರಿಗೆ ತೊಂದರೆಯೆಂದು ಬೆಳಗ್ಗೆ ಏಳರೊಳಗೆ ಅದು ಸದ್ದು ಮಾಡುವಂತಿಲ್ಲ. ಸೂರ್ಯನಿಗೆ ಈ ನಿಯಮ ಗೊತ್ತಿಲ್ಲ, ಐದಕ್ಕೇ ಏಳುತ್ತಾನೆ. ಮೇ ಒಂದರ ಸೂರ್ಯನನ್ನು ಕುಣಿದೇ ಎದುರುಗೊಳ್ಳಬೇಕೆಂಬುದು ಮಾರಿಸ್ ಕುಣಿತದವರ ಕಟ್ಟಳೆ. ಇಂಗ್ಲೆಂಡಿನ ಹಳ್ಳಿಗಳ ಆ ಕುಣಿತವನ್ನು ಇಲ್ಲಿ ನೆಟ್ಟವರು ನಿವೃತ್ತ ಬಡಗಿ ಕ್ಲೈವ್. ಮೊಣಕಾಲ ಕೆಳಗೆ ಗೆಜ್ಜೆ, ಎರಡೂ ಕೈಯಲ್ಲಿ ಬಿಳಿ ಕರವಸ್ತ್ರ, ನೆಗೆತದ ಮೇಲೆ ನೆಗೆತ. ವಸಂತಿಯವರ ಮಗಳು ಇಳಾ ಕೂಡ ತಂಡದಲ್ಲಿದ್ದಾಳೆ.

ಗಂಡ ರಮಾನಂದರ ಕೆಲಸದ ಬೆನ್ನಿಗೆ ತಿಪಟೂರಿನಿಂದ ಬಂದ ವಸಂತಿ ಮೊದಲ ಚಳಿಗಾಲವನ್ನು ಕಿಟಕಿಗೆ ಮುಖವಿಟ್ಟೇ ಕಳೆದರು. ಕೂತಲ್ಲಿ ಕೂರುವ ಜೀವವಲ್ಲ. ಭಾಷೆ ಕಲಿತು ವಸತಿ ಸಂಸ್ಥೆಯಲ್ಲಿ ಹಿಮ ಸರಿಸುವ, ಜಲ್ಲಿ ಎರಚುವ, ಎಲೆ ಗುಡಿಸುವ ಕೆಲಸ ಹಿಡಿದರು. ಯುಗಾದಿ ಊಟದಲ್ಲಿ ಯಾರೋ ಕೇಳಿಯೇಬಿಟ್ಟರಂತೆ, "ಇಂಜಿನಿಯರ್ ಹೆಂಡ್ತಿ ಪೊರಕೆ ಹಿಡಿಯೋದಾ ವಸಂತಿ?" ಇವರು ಹೋಳಿಗೆ ಮುರಿಯುತ್ತಲೇ ಅಂದರು: "ಮನೇಲಿ ಹಿಡಿದ್ರೆ ಗೃಹಲಕ್ಷ್ಮಿ ಅಂತೀರಿ. ಇಲ್ಲಿ ಹಿಡಿದ್ರೆ ಸಂಬಳಾನೂ ಕೊಡ್ತಾರೆ ಕಣ್ರೀ."

ಇವತ್ತು ಆ ನಗು ಇಲ್ಲ. ಕಳೆದ ವರ್ಷ ಇದೇ ಚೌಕವನ್ನು ಗುಡಿಸಿ ಮುಗಿಸಿದ ಅವರ ಕೈ, ತವರಿನ ಅಂಗಳವೆಂದುಕೊಂಡು ನೀರು ಚಿಮುಕಿಸಿತ್ತು. ಧೂಳು ಅಡಗಿತು. ಆ ಬೆಳಗಿನ ಚಳಿಗೆ ನೀರು ಕಣ್ಣಿಗೆ ಕಾಣದ ಮಂಜುಗಡ್ಡೆಯಾಯಿತು. ಮೊದಲ ನೆಗೆತಕ್ಕೇ ಕ್ಲೈವ್ ಬಿದ್ದು ಮಣಿಕಟ್ಟು ಮುರಿದುಕೊಂಡರು. ಈ ಸಲವೂ ಯಾರಾದರೂ ಬಿದ್ದರೆ ಮುಂದಿನ ವರ್ಷದಿಂದ ಕುಣಿತ ಸಭಾಂಗಣದೊಳಗೆ ಎಂದಿದೆ ಸಂಸ್ಥೆ. ಸಭಾಂಗಣಕ್ಕೆ ಪೂರ್ವದ ಕಡೆ ಒಂದು ಕಿಟಕಿಯೂ ಇಲ್ಲ.

"ರಂಗೋಲಿ ಒಂದು ಹಾಕಿರ್ಲಿಲ್ಲ, ಪುಣ್ಯ," ಎನ್ನುತ್ತಾರೆ ವಸಂತಿ. "ನೀರು ಹಾಕ್ದೆ ಗುಡ್ಸಿದ್ದು ಗುಡ್ಸಿದ್ದೇ ಅಲ್ಲ ಅನ್ಸತ್ತೆ. ಈಗ್ಲೂ ಕೈ ತುರಿಸ್ತಿದೆ ನೋಡಿ."

ಗೆಜ್ಜೆಗಳು ಬರುತ್ತವೆ. ಎಲ್ಲರಿಗಿಂತ ಮುಂದೆ ಇಳಾ. "ಅಮ್ಮಾ, ಫಸ್ಟ್ ಆ ವಾಟರ್ ಬಾಟಲ್ ಕೊಡಿಲ್ಲಿ."

"ಕುಡಿಯಕ್ಕೆ ಇಟ್ಕೊಂಡಿದೀನಿ ಕಣೇ!"

"ಆಮೇಲ್ ಕುಡಿ. ಕೊಡು."

ಕ್ಲೈವ್ ಮಣಿಕಟ್ಟು ತಿರುಗಿಸಿ ತೋರಿಸಿ, ಸ್ವೀಡಿಷ್‌ನಲ್ಲಿ ಛೇಡಿಸುತ್ತಾರೆ: "ಹೆದರಬೇಡ ವಸಂತಿ, ಇನ್ನೊಂದು ಕೈ ಇದೆ."

ಅಕಾರ್ಡಿಯನ್ ನುಡಿಯತೊಡಗುತ್ತದೆ. ಎಲ್ಲರೂ ನೆಗೆಯುತ್ತಾರೆ. ವಸಂತಿ ಚೌಕದ ಅಂಚಿನಲ್ಲಿ ಪೊರಕೆ ಬಿಗಿಹಿಡಿದು, ಬಗ್ಗಿ, ಬೂಟುಗಳನ್ನೇ ನೋಡುತ್ತಾರೆ. ಗಾಳಿ ಹೂಪಾತಿಯಿಂದ ಮರಳಹರಳು ತರುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ನಡುವೆ ನುಗ್ಗಿ ಗುಡಿಸಿ ಬರುತ್ತಾರೆ. ಕ್ಲೈವ್ ಕಳೆದ ಸಲ ಬಿದ್ದ ಮೂಲೆಗೆ ಬರುತ್ತಾರೆ. ನೆಗೆಯುತ್ತಾರೆ. ಬೂಟುಗಳು ನೆಲಕ್ಕಿಳಿದು, ಅಲ್ಲೇ ನಿಲ್ಲುತ್ತವೆ.

ಹುಸ್ಕ್ವಾರ್ನಾ ಬೆಟ್ಟದ ಹಿಂದಿನಿಂದ ಬಿಸಿಲು ಚೌಕಕ್ಕೆ ಬೀಳುತ್ತದೆ. ಬಿದ್ದದ್ದು ಅದೊಂದೇ.

ಮಗಳಿಂದ ಬಾಟಲಿ ವಾಪಸು ಪಡೆದು ವಸಂತಿ ಗಟಗಟ ಕುಡಿಯುತ್ತಾರೆ. "ಕರ್ಚೀಫ್ ಬೀಸೋದು ತುಂಬಾ ಚೆಂದ ಅಂತೆ. ಹಂಸ ರೆಕ್ಕೆ ಬಿಚ್ಚಿದ ಹಾಗೆ ಅಂತಾಳೆ ಇವ್ಳು. ನಾನು ಕಾಲು ಬಿಟ್ಟು ಮೇಲೆ ನೋಡಿದ್ರೆ ತಾನೆ? ಒಂದೇ ಒಂದು ವರ್ಷ ತಲೆ ಎತ್ಕೊಂಡು ನೋಡ್ಬೇಕು."

ಅಷ್ಟರಲ್ಲೇ ಕಣ್ಣು ಮತ್ತೆ ಕಲ್ಲುಹಾಸಿಗೆ ಇಳಿಯುತ್ತದೆ.

"ಬೇಡ ಬಿಡಿ. ಆಗ ನೆಲ ನೋಡೋರ್ಯಾರು?"