ಅತ್ತಿಗೆಯ ದೊಡ್ಡ ಗುಂಡಿ

ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಅತ್ತಿಗೆಗೆ ಮನೆಯಲ್ಲಿ ಎಲ್ಲವೂ ಇತ್ತು, ಹೊಲಿಗೆ ಮೆಷಿನ್ ಇಡಲು ಜಾಗವೊಂದನ್ನು ಬಿಟ್ಟು. ಊಟದ ಹೊತ್ತಾದರೆ "ಆ ಮೆಷಿನ್ ಸರಿಸು," ನೆಂಟರು ಬಂದರೆ "ಆ ಮೆಷಿನ್ ಎತ್ತು." ಮದುವೆಯಾದಾಗಿನಿಂದ ಅದು ಹೊಲಿದದ್ದಕ್ಕಿಂತ ತಿರುಗಿದ್ದೇ ಹೆಚ್ಚು. ಹಾಗಾಗಿ, ಪಾಳುಬಿದ್ದಿದ್ದ ಬಸ್ ಶೆಡ್ಡು ಊರಿನ ಕಾರು ಹುಚ್ಚರಿಗೂ ಕೈಕೆಲಸದವರಿಗೂ ಒಟ್ಟಿಗೆ ಸಿಕ್ಕಾಗ ಅವಳು ಕೇಳಿದ್ದು ಒಂದೇ: ಬಾಗಿಲ ಪಕ್ಕ ಬೆಳಕು ಬೀಳುವ ಒಂದು ಮೂಲೆ.

ನಕ್ಷೆ ಬರೆಯಲು ಮೊದಲು ಗಂಡಸರು ಕೂತರು. ಪ್ರತಿಯೊಬ್ಬನೂ ನಟ್ಟನಡುವೆ ತನ್ನ ಕಾರು ನಿಲ್ಲಿಸಿ, ಮಿಕ್ಕಿದ್ದನ್ನು ಸಮಾಜಕ್ಕೆ ಧಾರೆಯೆರೆದ. ಒಬ್ಬ ಮಹಾಶಯ ಬಾಗಿಲು ಇಡುವುದನ್ನೇ ಮರೆತಿದ್ದ. ಕೊನೆಗೆ ಅವಳ ಮೈದುನ, ಮೆಕ್ಯಾನಿಕ್, "ಅತ್ತಿಗೆ, ನೀವೇ ಬರೀರಿ. ಅಳತೆ ಅಂದ್ರೆ ಏನೂಂತ ಗೊತ್ತಿರೋದು ನಿಮಗೊಬ್ಬರಿಗೇ," ಎಂದ. ಅತ್ತಿಗೆ ಪ್ಯಾಂಟಿನ ಬಟ್ಟೆ ಕತ್ತರಿಸುವ ಹಾಗೆ ಶೆಡ್ಡನ್ನು ಕತ್ತರಿಸಿದಳು: ಇಲ್ಲಿ ಬಡಗಿಯ ಗರಗಸ, ಅಲ್ಲಿ ವೆಲ್ಡಿಂಗ್, ಆಚೆ ಎರಡು ಕಾರು.

"ಬೆರಳು ಹೋಗೋಕೆ ಮುಂಚೆ ಎಲ್ಲ ಮೆಷಿನ್ ನಿಲ್ಲಿಸೋ ಥರ ಗೋಡೆಗೊಂದು ಗುಂಡಿ ಬೇಕಮ್ಮ," ಎಂದ ಬಡಗಿ. ಸದಾ ಶೆಡ್ಡಿನಲ್ಲೇ ಇರುವವಳು ತಾನೇ ಅಲ್ಲವೇ ಎಂದು ಅತ್ತಿಗೆ ನಕ್ಷೆಯಲ್ಲಿ ತನ್ನ ಮೂಲೆಗೇ ಒಂದು ಸೊನ್ನೆ ಸುತ್ತಿ "ದೊಡ್ಡ ಗುಂಡಿ" ಎಂದು ಬರೆದಳು.

ನಕ್ಷೆ ಹಿಡಿದು ನೆಲದ ಕೆಲಸಕ್ಕೆ ಬಂದ ಅಗೆಯುವವನಿಗೆ ಗುಂಡಿ ಎಂದರೆ ಒಂದೇ ಅರ್ಥ. ಅತ್ತಿಗೆ ಮೆಷಿನ್ ಹೊರಿಸಿಕೊಂಡು ಬಂದಾಗ ಅವಳ ಮೂಲೆಯಲ್ಲಿ ಎದೆಯುದ್ದದ ಹೊಂಡ. ಅದರೊಳಗಿಂದ ಒಂದು ತಲೆ, "ಇನ್ನೂ ದೊಡ್ದು ಬೇಕಾ ಅಕ್ಕ?" ಎಂದು ಕೇಳಿತು.

ಕಾರು ಹುಚ್ಚರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇನ್ನು ಕಾರಿನ ಕೆಳಗೆ ಅಂಗಾತ ಮಲಗಿ ತೆವಳಬೇಕಿಲ್ಲ, ನಿಂತೇ ರಿಪೇರಿ ಮಾಡಬಹುದು! "ಮುಚ್ಚೋದು ಬೇಡ ಅತ್ತಿಗೆ," ಎಂದ ಮೈದುನ, ಒಳಗಿಳಿದು. "ನಿಮ್ದು ಹೇಗೂ ಬಟ್ಟೆ ಕೆಲಸ, ಮನೇಲೂ ಆಗುತ್ತೆ."

ಅತ್ತಿಗೆಗೆ ಅಳು ಬಂತು. ತನ್ನ ಅಕ್ಷರವೇ ತನಗೆ ಹೊಂಡ ತೋಡಿತಲ್ಲ ಎಂದು ಸಿಟ್ಟೂ ಬಂತು. ಅಳು ನುಂಗಿಕೊಂಡು, ಸಿಟ್ಟು ಇಟ್ಟುಕೊಂಡು, ಬಡಗಿಯಿಂದ ದಪ್ಪ ಹಲಗೆಗಳನ್ನು ತರಿಸಿದಳು. ಮೈದುನನನ್ನು ಮೇಲೆ ಹತ್ತಿಸಿ, ಹೊಂಡದ ಮೇಲೆ ಹಲಗೆ ಹಾಸಿ, ಮೆಷಿನ್ ಇಟ್ಟು ಕೂತಳು.

"ಅಯ್ಯೋ ಅತ್ತಿಗೆ, ಅದು ಗುಂಡಿ!"

"ಗೊತ್ತು. ಗುಂಡಿ ಯಾರ ಸಾಮಾನು? ದರ್ಜಿದು ತಾನೆ?"



ಬಡಗಿ ಕೇಳಿದ್ದನ್ನೂ ಆಮೇಲೆ ಗೋಡೆಗೆ ಹಾಕಿದರು. ಅದರ ಮೇಲೆ "ಇದು ಒತ್ತುವ ಗುಂಡಿ, ಅಗೆಯಬೇಡಿ" ಎಂದು ಬರೆದಿದೆ. ಅಗೆದ ಗುಂಡಿ ಬೇಕಾದವರು ಅತ್ತಿಗೆಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

"ಅತ್ತಿಗೆ, ಒಂಚೂರು ಏಳ್ತೀರಾ? ಮೆಷಿನ್ ನಾವೇ ಎತ್ತಿ, ನಾವೇ ತಂದಿಡ್ತೀವಿ."

"ಇದೊಂದು ಹೊಲಿಗೆ ಮುಗೀಲಿ," ಎನ್ನುತ್ತಾಳೆ ಅತ್ತಿಗೆ, ತಲೆಯೆತ್ತದೆ. ಸೀಟಿನ ಹೊಲಿಗೆ ಉದ್ದವಿರುತ್ತದೆ. ಮುಗಿಯುವವರೆಗೂ ಕಾರುಗಳು ಹೊರಗೆ ಬಿಸಿಲಲ್ಲಿ ಕಾಯುತ್ತವೆ.