ಅಮೆರಿಕದ ಬೀಗ, ಬೆಳ್ಳಟ್ಟಿಯ ಕುಂಕುಮ

ಆಗುವುದಿಲ್ಲ ಎಂದವರು ಇಬ್ಬರು. ಮೊದಲನೆಯವನು ನನ್ನ ದೊಡ್ಡಪ್ಪ, ಬೆಳ್ಳಟ್ಟಿಯ ನಮ್ಮ ಮನೆಯ ಯಜಮಾನ. "ನಮ್ಮ ಮನ್ಯಾಗ ಡಿಗ್ರಿ? ನಿಮ್ಮಪ್ಪ ಏಳನೆತ್ತಾ ನಾಪಾಸ, ನಾ ಅವನಕಿಂತ ಒಂದ ಮೆಟ್ಟ ಕೆಳಗ. ಆಗೂ ಮಾತಿದ್ರ ಆಡವಾ" ಎಂದು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವ ಹಾಗೆ ಅಂದಿದ್ದ. ಎರಡನೆಯವನು ಬೆಟಗೇರಿಯ ಒಬ್ಬ ಮೊಬೈಲ್ ಅಂಗಡಿಯವ. ನನ್ನ ಫೋನನ್ನು ಅಂಗೈಯಲ್ಲಿ ತೂಗಿ ನೋಡಿ, "ಇದು ತೆರಿಯಂಗಿಲ್ರಿ ಅಕ್ಕಾರ. ಅಮೆರಿಕಾದ ಕಂಪನಿ ಜಡದ ಬೀಗ ಐತಿ. ಅಲ್ಲಿ ದೊಡ್ಡ ದೊಡ್ಡ ಇಂಜಿನಿಯರ್ ಕುಂತ ಹಾಕಿದ್ದನ್ನ ನೀವು ಬೆಳ್ಳಟ್ಯಾಗ ಕುಂತ ತಗೀತೀರೇನು?" ಎಂದು ನಕ್ಕಿದ್ದ.

ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೆ ನನ್ನ ಡಿಗ್ರಿಯ ಕೊನೆಯ ವರ್ಷದಲ್ಲಿ ಅವರ ಎರಡು ಮಾತೂ ಒಂದೇ ಗಂಟಾಗಿ ನನ್ನ ಕೊರಳಿಗೆ ಬಿದ್ದವು.

ಆ ಫೋನು ಅದೇ ಬೆಟಗೇರಿ ಅಂಗಡಿಯದು. ನಾನು ಪಿಯುಸಿ ಪಾಸಾದಾಗ ಅಪ್ಪ ಕೊಡಿಸಿದ್ದು. ಅಮೆರಿಕದಲ್ಲಿ ಯಾರೋ ಬಳಸಿ ಬಿಟ್ಟದ್ದು, ಹೇಗೋ ಸುತ್ತಿ ನಮ್ಮ ಕಡೆ ಬಂದಿತ್ತು. ಆನ್ ಮಾಡಿದಾಗೆಲ್ಲ ಮೊದಲು ಆ ದೇಶದ ಸಿಮ್ ಕಂಪನಿಯ ಗುರುತು ಮೂಡುತ್ತಿತ್ತು, ಆಮೇಲೆ ಉಳಿದದ್ದು. ಅಂಗಡಿಯವನು ನಮ್ಮ ಸಿಮ್ ಹಿಡಿಯುವಷ್ಟು ಬೀಗ ತೆಗೆದುಕೊಟ್ಟಿದ್ದ. ಒಳಗಿನ ಇನ್ನೊಂದು ಬೀಗ ಹಾಗೇ ಇತ್ತು. ಅದು ಫೋನಿನ ತಲಬಾಗಿಲು ಇದ್ದ ಹಾಗೆ. ಅದು ತೆರೆಯದೆ ಫೋನಿಗೆ ಬೇರೆ ಸಾಫ್ಟ್‌ವೇರ್ ಹಾಕಲಾಗದು. ಕಂಪನಿ ತಾನಾಗಿ ಹೊಸದು ಕಳಿಸುವುದನ್ನು ಯಾವಾಗಲೋ ಬಿಟ್ಟಿತ್ತು. ಹೀಗೆ ನನ್ನ ಫೋನು ಹಳೆಯ ಆಂಡ್ರಾಯ್ಡ್‌ನಲ್ಲೇ ನಿಂತುಹೋಗಿತ್ತು.

ನಿಂತರೆ ನಿಲ್ಲಲಿ ಎಂದು ನಾನೂ ಸುಮ್ಮನಿದ್ದೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಬಂತು. ಶಿರಹಟ್ಟಿ, ಮುಂಡರಗಿ ತಾಲೂಕಿನ ಹಳ್ಳಿಗಳ ಕೆರೆಗಳ ಸರ್ವೆ. ಕೆರೆಯ ದಂಡೆಯಲ್ಲೇ ನಿಂತು ಫೋಟೋ ತೆಗೆಯಬೇಕು, ನೀರು ಯಾರು ಯಾರು ಬಳಸುತ್ತಾರೆ ಎಂದು ಕೇಳಿ ತುಂಬಬೇಕು, ಅಲ್ಲಿಂದಲೇ ಕಳಿಸಬೇಕು. ಎಲ್ಲ ಒಂದು ಆ್ಯಪ್‌ನಲ್ಲಿ. ಕಾಲೇಜಿನಲ್ಲಿ ಎಲ್ಲರ ಫೋನಿನಲ್ಲೂ ಆ ಆ್ಯಪ್ ಇಳಿಯಿತು. ನನ್ನದರಲ್ಲಿ ಇಳಿಯಲಿಲ್ಲ. ಈ ಫೋನಿಗೆ ಹೊಂದುವುದಿಲ್ಲ ಎಂದು ಒಂದು ಸಾಲು ಬಂತು, ಅಷ್ಟೇ. ಗೆಳತಿಯರ ಫೋನ್ ಕೇಳೋಣವೆಂದರೆ ಒಬ್ಬರ ಫೋನಿನಲ್ಲಿ ಒಬ್ಬರದೇ ಲಾಗಿನ್, ಅವರವರ ಕೆರೆ ಅವರವರಿಗೆ.

ಸರ್ವೆ ಇಲ್ಲದಿದ್ದರೆ ಪ್ರಾಜೆಕ್ಟ್ ಇಲ್ಲ. ಪ್ರಾಜೆಕ್ಟ್ ಇಲ್ಲದಿದ್ದರೆ ಪದವಿ ಇಲ್ಲ, ಮತ್ತೊಂದು ವರ್ಷ ಕಾಯಬೇಕು. ಮನೆಯಲ್ಲಿ ಮತ್ತೊಂದು ವರ್ಷ ಎನ್ನುವುದೇ ಇರಲಿಲ್ಲ. ನನ್ನನ್ನು ದಿನಾ ಬಸ್ಸಿಗೆ ಕಳಿಸುವಾಗಲೇ ದೊಡ್ಡಪ್ಪ ಅವ್ವನಿಗೆ ಹೇಳಿದ್ದ: "ಇದ ಕಡೀ ವರ್ಷ ನೋಡ ತಂಗಿ. ಮುಗದ್ರ ಮುಗೀತು, ಇಲ್ಲಂದ್ರ ಚೀಲಾ ಗೂಟಕ್ಕ." ಅಪ್ಪ ಅಣ್ಣನ ಮುಂದೆ ಬಾಯಿ ತೆರೆದವನಲ್ಲ. "ಮುಗಸ್ತಾಳ" ಎಂದು ಒಪ್ಪಿಕೊಂಡವಳು ಅವ್ವ. ಹೊಸ ಫೋನ್ ಕೇಳದೆ, ಬೀಗ ತೆಗೆಸೋಣವೆಂದು ಬೆಟಗೇರಿ ಅಂಗಡಿಗೆ ಹೋದೆ. ಅಂಗಡಿಯವ ನಕ್ಕದ್ದು ಆಗಲೇ.

ಅಂದಿನಿಂದ ನಾನು ಕುಳಿತಲ್ಲಿ ಕುಳಿತವಳಲ್ಲ. ಬೆಳ್ಳಟ್ಟಿಯಿಂದ ಗದಗಿನ ಬಸ್ಸಿನಲ್ಲಿ, ಅಲ್ಲಿಂದ ನಾಗಾವಿಯ ಕ್ಯಾಂಪಸ್ಸಿಗೆ ಹೋಗುವ ಬಸ್ಸಿನಲ್ಲಿ, ಸೀಟು ಸಿಗಲಿ ಬಿಡಲಿ, ಇಂಟರ್ನೆಟ್ಟಿನಲ್ಲಿ ಅದೇ ಫೋನ್ ಇದ್ದವರು ಬರೆದದ್ದನ್ನು ಓದುತ್ತಿದ್ದೆ. ಎಲ್ಲ ಇಂಗ್ಲಿಷಿನಲ್ಲಿ. ಒಬ್ಬ ಬ್ರೆಜಿಲ್‌ನವ, ಒಬ್ಬ ಪೋಲೆಂಡ್‌ನವ, ಅವರ ಇಂಗ್ಲಿಷು ನನ್ನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದರಿಂದ ಧೈರ್ಯ ಬಂತು. ಓದುತ್ತ ಶಿರಹಟ್ಟಿ ದಾಟಿದ್ದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕಂಡಕ್ಟರ್, "ಏನವಾ, ಪರೀಕ್ಷಾ ನಾಳೇನ?" ಎಂದ. "ಇವತ್ತ ಐತ್ರಿ, ದಿನಾ ಐತಿ" ಎಂದೆ.

ಓದಿ ತಿಳಿದದ್ದು ಇಷ್ಟು. ನಮ್ಮ ಫೋನಿಗೆ ಬೀಗ ತೆಗೆಯುವ ಗುಂಡಿ ಇದೆ, ಆದರೆ ಕಂಪನಿ ಅದನ್ನು ಒತ್ತಲಾಗದ ಹಾಗೆ ಬೂದಿಬಣ್ಣಕ್ಕೆ ತಿರುಗಿಸಿ ಇಟ್ಟಿದೆ. ಮೊದಲು ಆ ಕಂಪನಿಯ ಸಾಫ್ಟ್‌ವೇರ್ ಅಳಿಸಿ, ಇದೇ ಫೋನನ್ನು ಸಿಮ್ ಕಂಪನಿಯ ಹಂಗಿಲ್ಲದೆ ಅಂಗಡಿಯಲ್ಲಿ ಮಾರುವಾಗ ಬರುವ ಬೀಗವಿಲ್ಲದ ಸಾಫ್ಟ್‌ವೇರ್ ತುಂಬಬೇಕು. ಆಗ ಗುಂಡಿ ಜೀವ ಹಿಡಿಯುತ್ತದೆ. ಬೀಗ ತೆಗೆಯಬೇಕು. ಆಮೇಲೆ ಆ ಹುಡುಗರು ತಾವೇ ಕಟ್ಟಿ ಪುಕ್ಕಟೆ ಇಟ್ಟಿರುವ ಹೊಸ ಆಂಡ್ರಾಯ್ಡ್ ಹಾಕಬೇಕು. ಇದಕ್ಕೆಲ್ಲ ಲ್ಯಾಪ್‌ಟಾಪ್ ಬೇಕು, ನಡುವೆ ವಯರ್ ಕಡಿಯಬಾರದು. ಕಡಿದರೆ ಫೋನು ಸತ್ತು ಇಟ್ಟಂಗಿಯಾಗುತ್ತದೆ. ಪ್ರತಿಯೊಬ್ಬನೂ ಕೊನೆಗೆ ಇದನ್ನೇ ಬರೆದಿದ್ದ, ದಪ್ಪ ಅಕ್ಷರದಲ್ಲಿ.

ಲ್ಯಾಪ್‌ಟಾಪ್ ಇದ್ದದ್ದು ಲಕ್ಷ್ಮೇಶ್ವರದ ನನ್ನ ಗೆಳತಿಯ ಹತ್ತಿರ, ನಮ್ಮದೇ ಕ್ಲಾಸು. ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಮೊದಲು ಮೆಮೊರಿ ಕಾರ್ಡಿಗೆ ಹಾಕಿಕೊಂಡು ಅದನ್ನು ತೆಗೆದಿಟ್ಟೆ. ವಯರ್ ಹಚ್ಚಿದರೆ ಹತ್ತಲೊಲ್ಲದು. ಒಂದೆರಡು ವಾರಗಳಿಂದ ಅದು ಹಾಗೇ. ಚಾರ್ಜಿಗೆ ಹಚ್ಚುವಾಗಲೂ ಸ್ವಲ್ಪ ಓರೆ ಮಾಡಿ ಒತ್ತಬೇಕಿತ್ತು. ಫೋನಿಗೆ ವಯಸ್ಸಾಯಿತು ಎಂದುಕೊಂಡಿದ್ದೆವು. ಓರೆ ಮಾಡಿ ಒತ್ತಿದೆ. ಲ್ಯಾಪ್‌ಟಾಪ್ ಟಿಣ್ ಎಂದಿತು.

"ಲೇ, ಖರೇನ ಮಾಡ್ತೀಯೇನ? ಇನ್ನೊಮ್ಮೆ ವಿಚಾರ ಮಾಡ" ಎಂದಳು ಗೆಳತಿ.

"ವಿಚಾರ ಮಾಡಿ ಮಾಡಿ ತೆಲಿ ಒಣಗೇತಿ."

"ಸತ್ತರ?"

"ಈಗೇನ ಜೀವಂತ ಐತೇನ ಅದು?"

ಒತ್ತಿದೆ. ಪಟ್ಟಿ ತುಂಬುತ್ತ ಹೋಯಿತು. ನಾನು ವಯರನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಅರ್ಧಕ್ಕೆ ಬಂದಿರಬೇಕು, ಲ್ಯಾಪ್‌ಟಾಪಿನಿಂದ ಇಳಿದ ಧ್ವನಿಯಲ್ಲಿ ಒಂದು ಸದ್ದು. ಸಂಪರ್ಕ ಹೋಯಿತು. ಫೋನಿನ ಪರದೆ ಕಪ್ಪಾಯಿತು. ಯಾವ ಗುಂಡಿ ಒತ್ತಿದರೂ, ಎಷ್ಟು ಹೊತ್ತು ಒತ್ತಿದರೂ ಕಪ್ಪು. ಅಮೆರಿಕದ ಕಂಪನಿಯ ಆ ಗುರುತಾದರೂ ಒಮ್ಮೆ ಕಾಣಲಿ ಎಂದು ಬೇಡಿಕೊಂಡೆ. ಅದರ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಆಸೆಯಾಯಿತು ಆಗ.

ಇಂಥ ಸತ್ತ ಫೋನನ್ನೂ ಎರಡು ಗುಂಡಿ ಒಟ್ಟಿಗೆ ಹಿಡಿದು ವಯರ್ ಹಚ್ಚಿದರೆ ಲ್ಯಾಪ್‌ಟಾಪ್ ಗುರುತು ಹಿಡಿಯುತ್ತದೆ ಎಂದು ಓದಿದ್ದೆ. ಹಿಡಿದೆ. ಲ್ಯಾಪ್‌ಟಾಪ್ ತುಟಿ ಎರಡು ಮಾಡಲಿಲ್ಲ. ಗೆಳತಿಯ ಅವ್ವ ಚುರುಮುರಿಗೆ ಒಗ್ಗರಣೆ ಹಾಕಿದ ಗಿರ್ಮಿಟ್ಟು ತಂದಿಟ್ಟಳು. ನಾನು ತಟ್ಟೆ ಮುಟ್ಟದೆ ಗುಂಡಿಗಳನ್ನೇ ಒತ್ತುತ್ತ ಕುಳಿತೆ.

ಮನೆಯಲ್ಲಿ ಯಾರಿಗೂ ಹೇಳದೆ ಮರುದಿನ ಕ್ಲಾಸು ಬಿಟ್ಟು ನೆಟ್ಟಗೆ ಬೆಟಗೇರಿಗೆ ಹೋದೆ. ಅಂಗಡಿಯವ ಫೋನ್ ನೋಡಿದವನೇ, "ಹೇಳಿದ್ದೆನಲ್ರಿ ಅಕ್ಕಾರ" ಎಂದ. ತನ್ನ ಮಾತು ಗೆದ್ದ ಖುಷಿ ಅವನ ಮುಖದಲ್ಲಿ ಮುಚ್ಚಿದರೂ ಮುಚ್ಚುತ್ತಿರಲಿಲ್ಲ. "ಬೋರ್ಡ್ ಹೋತು. ಬಿಡಿಭಾಗಕ್ಕಂತ ಬೇಕಾದ್ರ ಇಟ್ಟ ಹೋಗ್ರಿ."

"ಬಿಡಿಭಾಗಕ್ಕ ನಿಮ್ಮದ ಇಡ್ರಿ" ಎಂದು ಫೋನ್ ಕಸಿದುಕೊಂಡು ಬಂದೆ. ಮಾತೇನೋ ಆಡಿದೆ. ಬಸ್ ಸ್ಟ್ಯಾಂಡಿಗೆ ಬಂದೆ. ಊರಿಗೆ ಹೋಗಿ ಏನು ಹೇಳಲಿ? ಅವ್ವ ಒಪ್ಪಿಕೊಂಡ ಮಾತನ್ನು ನಾನೇ ಅರ್ಧಕ್ಕೆ ಕಡಿದುಕೊಂಡು ಬಂದಿದ್ದೆ. ಬೆಳ್ಳಟ್ಟಿ ಬಸ್ಸು ಬಂದು ಕಣ್ಣೆದುರು ನಿಂತಿತ್ತು. ಹತ್ತಲಿಲ್ಲ. ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಗೆಳತಿ ಕಾಲೇಜಿನಿಂದ ಬರುವುದನ್ನು ಕಾಯುತ್ತ ಕುಳಿತೆ. ಕೈ ಸುಮ್ಮನಿರಲಿಲ್ಲ. ಚೀಲದಿಂದ ವಯರ್ ತೆಗೆದು ಫೋನಿಗೆ ಚುಚ್ಚುವುದು, ಕೀಳುವುದು, ಮತ್ತೆ ಚುಚ್ಚುವುದು. ಪಕ್ಕದಲ್ಲಿ ಮೆಂತ್ಯದ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಅಜ್ಜಿ, "ಅದಕ್ಕೇನ ಸಿಟ್ಟ ಮಾಡೀ ಯವ್ವಾ, ಅಷ್ಟ ಯಾಕ ಚುಚ್ಚತೀ?" ಎಂದಳು. ಆಗ ಬಿಸಿಲಿಗೆ ಹಿಡಿದಿದ್ದ ವಯರಿನ ತುದಿ ಕಣ್ಣಿಗೆ ಬಿತ್ತು. ಅದರ ತುಟಿಯ ಸುತ್ತ ಕೆಂಪಗೆ ಗೆರೆ.

ರಕ್ತವೇನೋ ಎಂದು ಬೆರಳು ನೋಡಿಕೊಂಡೆ. ಅಲ್ಲ. ಮೂಸಿದೆ. ಕುಂಕುಮ.

ಆಗ ಎಲ್ಲ ಕಣ್ಣಮುಂದೆ ಬಂತು. ದಸರೆಯ ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್, ಕುಡಗೋಲು, ಕುರಪಿ, ಅವ್ವನ ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆ. ಆ ವರ್ಷ ಅವ್ವ ನನ್ನ ಫೋನನ್ನೂ ಸಾಲಿನಲ್ಲಿ ಇಟ್ಟಿದ್ದಳು. "ನಮ್ಮ ಕುಡಗೋಲ ನಮಗ, ನಿನ್ನ ಕುಡಗೋಲ ಇದು" ಎಂದು. ಹೊಲಿಗೆ ಮಷೀನಿಗೆ ಆನಿಸಿ, ತಲೆಕೆಳಗಾಗಿ, ಚಾರ್ಜಿನ ತೂತು ಮೇಲೆ ಬರುವ ಹಾಗೆ ನಿಲ್ಲಿಸಿದ್ದಳು. ವಿಭೂತಿ ಎಳೆದು, ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದ ನೀರನ್ನೂ ಚಿಮುಕಿಸಿದ್ದಳು. ನಾನು ಪಕ್ಕದಲ್ಲೇ ಊದಿನಕಡ್ಡಿ ಹಿಡಿದು ನಿಂತಿದ್ದೆ. ಎಲ್ಲ ತೂತಿನೊಳಗೆ ಇಳಿದು, ನೀರು ಕುಡಿದು, ಒಣಗಿ ಗಚ್ಚಿನ ಹಾಗೆ ಕೂತಿತ್ತು. ಚಾರ್ಜಿಗೆ ಒಂದೆರಡು ತಂತಿ ತಾಗಿದರೆ ಸಾಕು, ಓರೆ ಮಾಡಿದರೆ ನಡೆಯುತ್ತಿತ್ತು. ಸಾಫ್ಟ್‌ವೇರ್ ತುಂಬಲು ಉಳಿದ ತಂತಿಗಳೂ ತಾಗಬೇಕು. ಅಮೆರಿಕದ ಬೀಗವೆಂದು ನಾನು ಗುದ್ದಾಡಿದ್ದೆ, ಅಡ್ಡ ಕೂತದ್ದು ನಮ್ಮ ದೇವರ ಜಗಲಿಯ ಕುಂಕುಮ.

ವೇಣಿಯ ಪಿನ್ನು ತೆಗೆದು ಅಲ್ಲೇ ಕೆದರತೊಡಗಿದೆ. ಕೆಂಪು, ಹಳದಿ, ಬೂದಿ, ಚೂರು ಚೂರಾಗಿ ಉಡಿಯಲ್ಲಿ ಉದುರಿತು. ಅಜ್ಜಿ ಬಗ್ಗಿ ನೋಡಿ, "ಪೂಜಿ ಭಾರಿ ಮಾಡೀರಿ ಬಿಡ" ಎಂದಳು.

ಗೆಳತಿಯ ಮನೆಯಲ್ಲಿ ಮತ್ತೆ ಎರಡು ಗುಂಡಿ ಹಿಡಿದು ವಯರ್ ಹಚ್ಚಿದೆ. ಪರದೆ ಕಪ್ಪಾಗಿಯೇ ಇತ್ತು. ಆದರೆ ಲ್ಯಾಪ್‌ಟಾಪ್ ಟಿಣ್ ಎಂದಿತು. ಆ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ವಯರನ್ನು ನಾನು ಮುಟ್ಟಲಿಲ್ಲ, ಗೆಳತಿಯನ್ನೂ ಮುಟ್ಟಗೊಡಲಿಲ್ಲ. ಫ್ಯಾನಿನ ಗಾಳಿಗೆ ಅಲುಗೀತು ಎಂದು ಫ್ಯಾನ್ ಆರಿಸಿದೆ. ಬೆವರು ಸುರಿಸಿಕೊಂಡು ಇಬ್ಬರೂ ಕುಳಿತೆವು. ಪಟ್ಟಿ ತುಂಬಿತು. ಫೋನು ನಡುಗಿತು. ಅಮೆರಿಕದ ಗುರುತು ಬರಲಿಲ್ಲ! ಸೆಟ್ಟಿಂಗಿನಲ್ಲಿ ಆ ಬೂದಿಬಣ್ಣದ ಗುಂಡಿ ಈಗ ಒತ್ತಿಸಿಕೊಂಡಿತು. ಬೀಗ ತೆಗೆದೆ. ಹೊಸದು ತುಂಬಿದೆ. ಸಂಜೆಯ ಹೊತ್ತಿಗೆ ಕಾಲೇಜಿನ ಆ್ಯಪ್ ಅದರಲ್ಲಿ ಇಳಿದು ನನ್ನ ಹೆಸರು ಕೇಳಿತು.

ಗೆಳತಿ, "ಡಾಕ್ಟರಬಾಯಿ ಆದಿ ನೋಡಲೇ" ಎಂದಳು. ನಾನು ಅಂದು ಗಿರ್ಮಿಟ್ಟು ಎರಡು ಸಲ ಹಾಕಿಸಿಕೊಂಡೆ.

ಬೀಗ ತೆಗೆದ ಫೋನಿಗೆ ಒಂದು ಕಳಂಕ ಉಳಿಯುತ್ತದೆ. ಆನ್ ಮಾಡಿದಾಗೆಲ್ಲ ಮೊದಲು ಒಂದು ಎಚ್ಚರಿಕೆ ಬರುತ್ತದೆ, ಈ ಸಾಧನವನ್ನು ನಂಬುವಂತಿಲ್ಲ ಎಂದು. ಮನೆಗೆ ಬಂದು ಆನ್ ಮಾಡಿದಾಗ ದೊಡ್ಡಪ್ಪ ಇಣುಕಿದ. "ಏನ ಬರದೈತಿ ಅದು?"

"ನನ್ನ ನಂಬಬ್ಯಾಡ್ರಿ ಅಂತೈತಿ, ದೊಡ್ಡಪ್ಪ."

"ಪ್ರಾಮಾಣಿಕ ಐತಿ ಬಿಡ" ಎಂದು ನಕ್ಕ. ಆಮೇಲೆ, "ನಿನ್ನಿ ಯಾಕ ಮಕಾ ಬಾಡಿತ್ತು?" ಎಂದು ಕೇಳಿದ. ಅವನು ಅದನ್ನು ನೋಡಿದ್ದಾನೆ ಎಂದು ನನಗೆ ತಿಳಿದೇ ಇರಲಿಲ್ಲ. ನಡೆದದ್ದು ಹೇಳಿದೆ. ತೂತಿನ ವಿಷಯಕ್ಕೆ ಬಂದಾಗ ದೊಡ್ಡಪ್ಪ ನೆಲ ಬಡಿದು ನಕ್ಕ. ಅವ್ವ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಾ ಚಲೋ ಆಗ್ಲಿ ಅಂತ ಇಟ್ಟಿದ್ದೆ" ಎಂದಳು. "ಚಲೋನ ಆತಲ್ಲವಾ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ದೀಪಾವಳಿಯ ಪೂಜೆಯಲ್ಲಿ ಎಲ್ಲಕ್ಕೂ ಕುಂಕುಮ ಹಚ್ಚುತ್ತ ಬಂದವಳು ನನ್ನ ಫೋನಿನ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಹೂ ಇಟ್ಟಳು, ಅದೂ ದೂರದಲ್ಲಿ.

ಉಳಿದ ದಿನಗಳೆಲ್ಲ ಓಡಾಟವೇ. ಮುಂಡರಗಿ ಕಡೆಯ ಕೆರೆಗಳಿಗೆ ಸಿಕ್ಕ ಟಂಟಂ, ಸಿಕ್ಕ ಬಸ್ಸು, ಒಮ್ಮೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್. ದಂಡೆಯಲ್ಲಿ ನಿಂತು ಫೋನ್ ಎತ್ತಿದಾಗೆಲ್ಲ ಎಲ್ಲಿ ಕಪ್ಪಾಗುತ್ತದೋ ಎಂದು ಮೊದಲು ತೂತು ನೋಡಿಕೊಳ್ಳುತ್ತಿದ್ದೆ. ಆಗಲಿಲ್ಲ. ಕೊನೆಯ ಕೆರೆ ನಮ್ಮ ಬೆಳ್ಳಟ್ಟಿಯದೇ. ಅಲ್ಲಿಂದ ಕಳಿಸಿದ ಮೇಲೆ ಹಸಿರು ಗುರುತು ಬಂತು. ಹೆಬ್ಬೆರಳು ಎಷ್ಟೋ ಹೊತ್ತು ಅದರ ಮೇಲೇ ಇತ್ತು.

ಪಾಸಾದೆ. ನಮ್ಮ ಮನೆಯಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ದೊಡ್ಡಪ್ಪ ತಾನೇ ತಲೆಗೆ ಪಟಕಾ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಅಪ್ಪನೂ ಅವ್ವನೂ ಬಂದರು. ಕಾರ್ಯಕ್ರಮ ಮುಗಿದ ಮೇಲೆ ಹೊರಗಿನ ಬೇವಿನ ಗಿಡದ ನೆರಳಿನಲ್ಲಿ ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು. ಅಪ್ಪ ಮೆಲ್ಲಗೆ ನೆಟ್ಟಗೆ ಮಾಡಿದ. ಆಮೇಲೆ ಅವಳು ಸೊಂಟದ ಸಂಚಿಯಿಂದ ಕುಂಕುಮದ ಪೊಟ್ಟಣ ತೆಗೆದು, ಬೆರಳು ಅದ್ದಿ, ಅಷ್ಟಕ್ಕೇ ನಿಂತು ನನ್ನ ಮುಖ ನೋಡಿದಳು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಅಂದ:

"ಹಚ್ಚ ತಂಗಿ, ಹಚ್ಚ. ಇದರಾಗ ತೂತ ಎಲ್ಲೈತಿ?"